ಪೀಠಿಕೆಯ ದಂಪತಿ ಡಬ್ಬಿ

ನಮ್ಮ ರಟ್ಟಿನ ಡಬ್ಬಿ ಕಾರ್ಖಾನೆಯಲ್ಲಿ ಅವನನ್ನು ಎಲ್ಲರೂ ಪೀಠಿಕೆ ಎಂದೇ ಕರೆಯುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಸಂಬಳದ ದಿನ ಮಾತ್ರ ಹೊರಗೆ ಬರುತ್ತಿತ್ತು. ಅವನು ಯಾವ ಮಾತನ್ನೂ ವಿಷಯದಿಂದ ಶುರುಮಾಡಿದವನಲ್ಲ. ಹಗ್ಗ ಮುಗಿದಿದೆ ಎಂದು ಹೇಳಬೇಕಾದರೆ, ಮನುಷ್ಯನಿಗೆ ಮೊತ್ತಮೊದಲು ಏನನ್ನಾದರೂ ಕಟ್ಟಬೇಕು ಅಂತ ಯಾಕೆ ಅನ್ನಿಸಿತು ಎಂಬಲ್ಲಿಂದ ಹೊರಡುತ್ತಿದ್ದ. ಕೇಳುವವರು ಒಂದಷ್ಟು ಹೊತ್ತು ತಲೆಯಾಡಿಸಿ, ಆಕಳಿಸಿ, "ಆಯ್ತು ಬಿಡಪ್ಪ, ನೋಡೋಣ" ಎಂದು ಎದ್ದು ಹೋಗುತ್ತಿದ್ದರು. ಹಗ್ಗದ ಸುದ್ದಿ ಅವನ ಬಾಯಲ್ಲೇ ಉಳಿಯುತ್ತಿತ್ತು.

ನಾನು ಅವನ ಪಕ್ಕದ ಮನೆಯವನು. ಕಾರ್ಖಾನೆಯಲ್ಲಿ ಡಬ್ಬಿಗಳ ಮೇಲೆ ಅಚ್ಚು ಹಾಕುವುದು ನನ್ನ ಕೆಲಸ. ಹೀಗಾಗಿ ಅವನ ಪೀಠಿಕೆಗಳಿಂದ ನನಗೆ ಮನೆಯಲ್ಲೂ ಬಿಡುಗಡೆಯಿಲ್ಲ, ಕೆಲಸದಲ್ಲೂ ಇಲ್ಲ. ಆದರೂ ಅವನ ಮೇಲೆ ನನಗೆ ಪ್ರೀತಿ ಇದೆ ಎಂದು ಮೊದಲೇ ಹೇಳಿಬಿಡುತ್ತೇನೆ, ಮುಂದೆ ಅವನನ್ನು ಎಷ್ಟು ಗೇಲಿ ಮಾಡಿದರೂ ನೀವು ತಪ್ಪು ತಿಳಿಯಬಾರದು.

ಅವನ ತಲೆಯಲ್ಲಿ ವರ್ಷಗಳಿಂದ ಒಂದೇ ಒಂದು ಯೋಚನೆ ಇತ್ತು. ನಮ್ಮಲ್ಲಿ ಹೆಂಗಸರು ಡಬ್ಬಿಗೆ ಅಂಟು ಹಚ್ಚುವ ಕೋಣೆ ಒಂದು, ಆ ಡಬ್ಬಿಗಳನ್ನು ಕಟ್ಟಿ ಲಾರಿಗೆ ಏರಿಸುವ ರವಾನೆ ಕೋಣೆ ಇನ್ನೊಂದು. ಪೀಠಿಕೆ ರವಾನೆಯ ಗುಮಾಸ್ತ. ಎರಡೂ ಕೋಣೆಗಳು ಅಕ್ಕಪಕ್ಕ, ನಡುವೆ ಒಂದೇ ಗೋಡೆ. ಆ ಗೋಡೆಗೆ ಬಾಗಿಲಿಲ್ಲ. ಕಟ್ಟಡ ಮೊದಲು ಇಬ್ಬರು ಅಣ್ಣತಮ್ಮಂದಿರದಾಗಿತ್ತಂತೆ. ಮುಖ ಮುಖ ನೋಡದಷ್ಟು ಜಗಳವಾಗಿ ನಡುವೆ ಗೋಡೆ ಎಬ್ಬಿಸಿದರಂತೆ. ಅವರು ರಾಜಿಯಾಗಿ, ಕಟ್ಟಡ ಮಾರಿ, ಎಲ್ಲಿಗೋ ಹೋಗಿಯೂ ಆಯಿತು. ಅವರ ಸಿಟ್ಟು ಮಾತ್ರ ನಮ್ಮ ಪಾಲಿಗೆ ಇಟ್ಟಿಗೆಯಾಗಿ ನಿಂತಿತ್ತು. ಅಂಟಿನ ಕೋಣೆಯ ಹೆಂಗಸರು ಮೂಗಿನವರೆಗೆ ಡಬ್ಬಿ ಪೇರಿಸಿಕೊಂಡು ಹಿಂದಿನ ಬಾಗಿಲಿಂದ ಅಂಗಳಕ್ಕಿಳಿದು, ಜನರೇಟರ್ ಶೆಡ್ಡು ಸುತ್ತಿ, ಕಾವಲುಗಾರನ ಸ್ಟೂಲು ದಾಟಿ, ಮುಂದಿನ ಮೆಟ್ಟಿಲು ಹತ್ತಿ ರವಾನೆ ಕೋಣೆಗೆ ಬರಬೇಕು. ಮಳೆ ಬಂದರೆ ರಟ್ಟು ಮೆತ್ತಗಾಗುತ್ತಿತ್ತು, ಅಂಗಳ ಜಾರುತ್ತಿತ್ತು.

ಹಾಗೆ ಹೋದ ಮಳೆಗಾಲದಲ್ಲಿ ಜಾರಿ ಕಾಲು ಉಳುಕಿಸಿಕೊಂಡವರು ಪೀಠಿಕೆಯ ಅತ್ತಿಗೆ, ಅಂದರೆ ಹೆಂಡತಿಯ ಅಕ್ಕ. ಒಂಟಿ ಹೆಂಗಸು, ಹಿಂದಿನ ಬೀದಿಯಲ್ಲಿ ಸ್ವಂತ ದುಡಿಮೆಯಲ್ಲಿ ಒಂದು ಬಾಡಿಗೆ ಕೋಣೆ ಮಾಡಿಕೊಂಡು ಯಾರ ಹಂಗೂ ಇಲ್ಲದೆ ಇದ್ದವರು. ಆ ಕೆಲಸ ಕೊಡಿಸಿದವನು ಪೀಠಿಕೆಯೇ. ಈ ವರ್ಷ ಮೋಡ ಕಟ್ಟಲು ಶುರುವಾದ ಕೂಡಲೇ ಅವರು ಖಡಾಖಂಡಿತವಾಗಿ ಹೇಳಿಬಿಟ್ಟರು.

"ಮಳೆ ಹಿಡಿಯೋದ್ರೊಳಗೆ ಆ ಗೋಡೆಗೆ ಬಾಗಿಲು ಇಡಿಸಿ. ಇನ್ನೊಂದ್ಸಲ ಬಿದ್ರೆ ನನ್ನ ಕಾಲು ನೆಟ್ಟಗಾಗಲ್ಲ. ಇಲ್ದಿದ್ರೆ ಕೆಲಸ ಬಿಡ್ತೀನಿ, ಕೋಣೇನೂ ಬಿಡ್ತೀನಿ, ಬಂದು ನಿಮ್ಮ ಮನೇಲೇ ಕೂತ್ಕೋತೀನಿ."

"ಬಾಗಿಲು ಅಂದ್ರೆ ಏನು ಅತ್ತಿಗೆ? ಮನುಷ್ಯ ಗುಹೇಲಿ ಇದ್ದಾಗ..." ಎಂದು ಪೀಠಿಕೆ ಶುರುಮಾಡಿದ.

"ಗುಹೇಲಿ ಇದ್ದಾಗ ನಾನು ಡಬ್ಬಿ ಹೊರ್ತಿರ್ಲಿಲ್ಲ!" ಎಂದರು ಅತ್ತಿಗೆ.

ಅವರು ಮನೆಗೆ ಬಂದು ಕೂರುವುದರಲ್ಲಿ ಯಾರಿಗೂ ಬೇಸರವಿರಲಿಲ್ಲ. ಆದರೆ ಸ್ವಂತ ಕಾಲ ಮೇಲೆ ನಿಂತ ಹೆಂಗಸು ಒಂದು ಗೋಡೆಯ ದೆಸೆಯಿಂದ ಇನ್ನೊಬ್ಬರ ಮನೆಯ ಮೂಲೆ ಸೇರುವುದೆಂದರೆ ಅವರಿಗೆ ಎಷ್ಟು ಸಂಕಟ ಎಂಬುದು ಪೀಠಿಕೆಗೆ ಗೊತ್ತಿತ್ತು. ಮಾಲೀಕರಿಗೆ ಬಾಗಿಲಿನ ವಿಷಯ ಅವನು ಹೇಳದೆ ಇದ್ದವನೂ ಅಲ್ಲ. ಹೇಳಲು ಹೋದಾಗಲೆಲ್ಲ ಅಣ್ಣತಮ್ಮಂದಿರ ಜಗಳದವರೆಗೆ ಬರುವಷ್ಟರಲ್ಲಿ ಮಾಲೀಕರಿಗೆ ಫೋನು ಬರುತ್ತಿತ್ತು. ಫೋನು ಬರದ ದಿನ ಮಾಲೀಕರೇ ಯಾರಿಗಾದರೂ ಮಾಡುತ್ತಿದ್ದರು.

ಅಷ್ಟರಲ್ಲಿ ಮಾಲೀಕರ ಅಳಿಯಂದಿರು ಯಾವುದೋ ದೊಡ್ಡ ಹೋಟೆಲಿನಲ್ಲಿ ನಡೆದ ಮ್ಯಾನೇಜ್‌ಮೆಂಟ್ ತರಬೇತಿ ಮುಗಿಸಿ ಬಂದರು. ಹೋಗುವಾಗ ಸಾಧಾರಣ ಮನುಷ್ಯರಾಗಿದ್ದರು. ಬಂದಾಗ ಕಣ್ಣಲ್ಲಿ ಬೇರೆಯೇ ಕಳೆ ಇತ್ತು. ಎಲ್ಲರನ್ನೂ ಅಂಗಳದಲ್ಲಿ ನಿಲ್ಲಿಸಿ ಭಾಷಣ ಮಾಡಿದರು.

"ಇನ್ಮೇಲೆ ಇಲ್ಲಿ ಯಾರೂ ಒಣ ಮಾತಾಡ್ಬಾರ್ದು! ಅರ್ಜಿ ಬೇಡ, ಗೊಣಗಾಟ ಬೇಡ. ನಿಮ್ಮ ಯೋಚನೇನ ನನಗೆ ಹೇಳ್ಬೇಡಿ, ತೋರಿಸಿ! ಚಿತ್ರ ಬರೀರಿ, ಹಾಡಿ, ಬೊಂಬೆ ಮಾಡಿ. ಕಲ್ಪನೆ ಬೇಕು, ಕಲ್ಪನೆ!"

"ರಜೆ ಬೇಕಾದ್ರೂ ಹಾಡ್ಬೇಕಾ ಸಾರ್?" ಎಂದು ಕಾವಲುಗಾರ ಕೇಳಿದ.

"ಹಾಡಿ!"

ಮಾರನೆಯ ದಿನದಿಂದ ಕಾರ್ಖಾನೆಯ ಗತಿ ಕೆಟ್ಟಿತು. ಕಾವಲುಗಾರ ಗೇಟಿನಲ್ಲಿ ನಿಂತು ಹೊಟ್ಟೆನೋವಿನ ಮೇಲೆ ಹಾಡಿದ. ಕತ್ತರಿಸುವ ಯಂತ್ರದವನು ತನ್ನ ಯಂತ್ರಕ್ಕೆ ಎಣ್ಣೆ ಬೇಕೆಂಬುದನ್ನು ನೆಲದ ಮೇಲೆ ಒದ್ದಾಡಿ ತೋರಿಸಿದ, ಪಾಪ, ಅವನನ್ನು ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದರು. ಎಣ್ಣೆ ಮಾತ್ರ ಬರಲಿಲ್ಲ. ಇಷ್ಟೆಲ್ಲ ನೋಡಿಯೂ ಪೀಠಿಕೆಗೆ ಬುದ್ಧಿ ಬರಲಿಲ್ಲ, ಬದಲಿಗೆ ಆನಂದವಾಯಿತು.

"ನೋಡಿದ್ರಾ?" ಎಂದು ನನ್ನ ಹೆಗಲು ಹಿಡಿದು ಅಲುಗಿಸಿದ. "ಮಾತೇ ಬೇಡವಂತೆ! ನನ್ನ ತೊಂದ್ರೆ ಇದ್ದದ್ದೇ ಮಾತಿಂದ. ಆ ಎರಡು ಕೋಣೆ, ಮಧ್ಯ ಗೋಡೆ, ಗೋಡೇಲೊಂದು ಬಾಗಿಲು, ಎಲ್ಲಾ ರಟ್ಟಲ್ಲಿ ಮಾಡಿ ಎದುರಿಗಿಟ್ಟುಬಿಡ್ತೀನಿ. ನೋಡಿದ ತಕ್ಷಣ ಅರ್ಥ ಆಗ್ಲೇಬೇಕು."

ಭಾನುವಾರ ಬೆಳಿಗ್ಗೆ ಅವನು ಜಗಲಿಯ ಮೇಲೆ ರಟ್ಟು, ಕತ್ತರಿ, ಅಂಟು ಹರಡಿಕೊಂಡು ಕೂತ. ಸುಳ್ಳು ಹೇಳಬಾರದು, ಕೈಕೆಲಸ ಅವನಿಗೆ ಚೆನ್ನಾಗಿಯೇ ಬರುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಗೋಡೆಗಳೆದ್ದವು, ಕಿಟಕಿಗಳು ಬಂದವು, ನಡುಗೋಡೆಯಲ್ಲಿ ಚಂದದ ಒಂದು ಬಾಗಿಲು ಕೊರೆದದ್ದಾಯಿತು. ಬಾಗಿಲಲ್ಲಿ ಯಾರಾದರೂ ನಡೆಯಬೇಕಲ್ಲ, ಮಗಳ ಪೆಟ್ಟಿಗೆಯಿಂದ ಒಂದು ಗುಲಾಬಿ ಬಣ್ಣದ ರಬ್ಬರು ತಂದು ಅಲ್ಲಿ ನಿಲ್ಲಿಸಿದ.

ಊಟಕ್ಕೆ ಬಂದಿದ್ದ ಅತ್ತಿಗೆ ಬಗ್ಗಿ ನೋಡಿದರು. "ಇದೇನಿದು?"

"ಅದು ನೀವು ಅತ್ತಿಗೆ."

"ನಾನಾ? ಇಷ್ಟು ಚೌಕವಾಗಿದೀನಾ?"

ಮೊದಲ ಎಡವಟ್ಟು ಬೀದಿಯಿಂದಲೇ ಬಂತು. ಎದುರುಮನೆಯ ನಿವೃತ್ತ ಮೇಷ್ಟರು ಗೇಟಿನಿಂದಲೇ ಕನ್ನಡಕ ಸರಿಮಾಡಿಕೊಂಡು ನೋಡಿದರು. ರಟ್ಟಿನ ಮನೆಯನ್ನು ಇಷ್ಟು ಶ್ರದ್ಧೆಯಿಂದ ಮಾಡುವವನು ನಿಜವಾದ ಮನೆ ಕಟ್ಟಲು ಹೊರಟವನೇ ಇರಬೇಕು ಎಂದು ಅವರು ತೀರ್ಮಾನಿಸಿದರು. ಮೇಷ್ಟರು ತೀರ್ಮಾನಿಸಿದ್ದನ್ನು ಬೀದಿ ತಿದ್ದಿದ ಉದಾಹರಣೆಯಿಲ್ಲ. ಸಂಜೆಯೊಳಗೆ ಸುದ್ದಿ ತರಕಾರಿ ಅಂಗಡಿಯ ತನಕ ಮುಟ್ಟಿ, ಅಲ್ಲಿಂದ ಪೀಠಿಕೆಯ ಭಾವಮೈದುನನ ಕಿವಿಗೆ ಬಿತ್ತು. ಅವನು ಸ್ಕೂಟರಿನಲ್ಲಿ ಧಾವಿಸಿ ಬಂದು ಜಗಲಿಯಲ್ಲಿ ಕುಕ್ಕರುಗಾಲಲ್ಲಿ ಕೂತ.

"ಏನ್ ಭಾವ, ಮನೆ ಕಟ್ತಾ ಇದೀರಾ, ಒಂದು ಮಾತು ಹೇಳಲಿಲ್ಲ. ಹೋಗಲಿ, ಇದ್ಯಾರ ರೂಮು?"

"ಅದು ಅಂಟಿನ ಕೋಣೆ."

"ಅಡುಗೆಮನೆ?"

"ಅಡುಗೆಮನೆ ಇಲ್ಲ."

"ಅಡುಗೆಮನೆ ಇಲ್ವಾ?" ಎಂದು ಭಾವಮೈದುನ ಒಳಗಿದ್ದ ತಂಗಿಯ ಕಡೆ ಕರುಣೆಯಿಂದ ನೋಡಿದ. "ಪಾಪ, ಇವಳಿಗೆ ಗೊತ್ತಾ?"

"ನೋಡು, ಕೋಣೆ ಅನ್ನೋದು ಹುಟ್ಟಿದ್ದು ಹೇಗೆ ಅಂದ್ರೆ..." ಎಂದು ಪೀಠಿಕೆ ವಿವರಿಸಲು ಹೊರಟ. ಭಾವಮೈದುನ ಆಗಲೇ ರಸ್ತೆ ಕಡೆಯ ಕೋಣೆ ತನಗಿರಲಿ ಎಂದು ಹೇಳಿ, ಎದ್ದು, ಸ್ಕೂಟರು ಒದೆಯುತ್ತಿದ್ದ.

ಸೋಮವಾರ ಬೆಳಿಗ್ಗೆ ಮನೆಯೊಡೆಯರೇ ಬಂದರು, ಹಿಂದೆ ಅಪರಿಚಿತ ದಂಪತಿ. "ಖಾಲಿ ಮಾಡ್ತೀರಂತೆ, ನಾನು ತಪ್ಪು ತಿಳ್ಕೊಳ್ಳಲ್ಲ ಬಿಡಿ" ಎಂದು ಮನೆಯೊಡೆಯರು ದೊಡ್ಡ ಮನಸ್ಸು ಮಾಡಿ ನುಡಿಯುತ್ತಿದ್ದರೆ, ಆ ಹೆಂಗಸು ಒಳಗೆ ಹೋಗಿ ಪರದೆಗಾಗಿ ಕಿಟಕಿ ಅಳೆಯುತ್ತಿದ್ದಳು. ಪೀಠಿಕೆಯ ಹೆಂಡತಿ ಅಳತೆಪಟ್ಟಿಯ ಇನ್ನೊಂದು ತುದಿ ಹಿಡಿದು ನಿಂತಿದ್ದಳು. ಯಾಕೆ ಹಿಡಿದೆ ಎಂದು ಆಮೇಲೆ ಕೇಳಿದರೆ, "ಅವರೊಬ್ಬರಿಗೇ ಆಗ್ತಿರ್ಲಿಲ್ಲ ರೀ" ಎಂದಳು. ಅವರನ್ನೆಲ್ಲ ಸಮಾಧಾನಪಡಿಸಿ ಕಳಿಸಲು ನಾನೇ ಹೋಗಬೇಕಾಯಿತು. ಪೀಠಿಕೆ ಅಷ್ಟರಲ್ಲಿ ಮಾದರಿಯನ್ನು ಎದೆಗವಚಿಕೊಂಡು ಕಾರ್ಖಾನೆಗೆ ಹೊರಟೇ ಹೋಗಿದ್ದ. ಬೀದಿಯವರಿಗೆ ಅರ್ಥವಾಗದಿದ್ದರೇನು, ಕಾರ್ಖಾನೆಯವರಿಗೆ ತಮ್ಮ ಗೋಡೆ ತಮಗೆ ಗೊತ್ತಾಗದೆ ಇರುತ್ತದೆಯೇ ಎಂಬುದು ಅವನ ಧೈರ್ಯ.

ಇಲ್ಲಿ ನಮ್ಮ ಕಸುಬಿನ ಒಂದು ಗುಣವನ್ನು ಹೇಳಬೇಕು. ರಟ್ಟಿನ ಡಬ್ಬಿ ಮಾಡುವವರಿಗೆ ರಟ್ಟಿನಿಂದ ಮಾಡಿದ್ದೆಲ್ಲ ಡಬ್ಬಿಯಾಗಿಯೇ ಕಾಣುತ್ತದೆ. ಕಚೇರಿಯ ಉದ್ದನೆಯ ಮೇಜಿನ ಮೇಲೆ ಏನಿಟ್ಟರೂ ಅದು ಸ್ಯಾಂಪಲ್. ಒಮ್ಮೆ ಲೆಕ್ಕದವರು ಮುರಿದ ಛತ್ರಿಯನ್ನು ರಿಪೇರಿಗೆ ಒಯ್ಯಲು ರಟ್ಟಿನಲ್ಲಿ ಸುತ್ತಿ ಆ ಮೇಜಿನ ಮೇಲಿಟ್ಟಿದ್ದರು. ಮಾರಾಟದವರು ಅದನ್ನು ಔಷಧಿ ಕಂಪನಿಯೊಂದಕ್ಕೆ ಕಳಿಸಿ, ಅಲ್ಲಿಂದ "ಇನ್ನೂ ಸ್ವಲ್ಪ ಗಿಡ್ಡ ಮಾಡಿ" ಎಂದು ಉತ್ತರವೂ ಬಂದಿತ್ತು.

ಅಳಿಯಂದಿರು ಇನ್ನೂ ಬಂದಿರಲಿಲ್ಲ. ಪೀಠಿಕೆ ಮಾದರಿಯನ್ನು ಅದೇ ಮೇಜಿನ ಮೇಲಿಟ್ಟು, ಲಾರಿ ಬಂತೆಂದು ರವಾನೆ ಕೋಣೆಗೆ ಹೋದ. ಹಿಂದಿರುಗುವಷ್ಟರಲ್ಲಿ ಮಾರಾಟದವರು ಅದನ್ನು ಅಂಗೈ ಮೇಲಿಟ್ಟುಕೊಂಡು ಸುತ್ತ ತಿರುಗಿಸುತ್ತಿದ್ದರು. ಅವರ ಹಣೆ ಬೆವರಿತ್ತು.

"ಎರಡು ಅಂಕಣ!" ಎಂದರು ಅವರು, ಯಾರಿಗೋ ಹೇಳುವಂತೆ. "ಎರಡು ಅಂಕಣದ ಮಧ್ಯೆ ಒಂದು ಕಂಡಿ! ಒಳಗೆ ಗುಲಾಬಿ ಸೋಪು!"

"ಅದು ಸೋಪಲ್ಲ ಸಾರ್, ನಮ್ಮ ಅತ್ತಿಗೆ."

ಮಾರಾಟದವರು ಪೀಠಿಕೆಯನ್ನು ತಬ್ಬಿಕೊಂಡುಬಿಟ್ಟರು. "ಅತ್ತಿಗೆ ಸೋಪು! ಹೆಸರೂ ಯೋಚನೆ ಮಾಡಿದೀರಾ! ಅಲ್ರೀ, ಇಷ್ಟು ದಿನ ಎಲ್ಲಿ ಬಚ್ಚಿಟ್ಟಿದ್ರಿ ಈ ತಲೇನ?"

"ಸಾರ್, ಈ ಗೋಡೆ ಇದೆಯಲ್ಲ, ಇದು ಹಿಂದೆ ಅಣ್ಣತಮ್ಮಂದಿರು..."

"ಅಣ್ಣತಮ್ಮ ಬೇಡ. ಗಂಡ ಹೆಂಡ್ತಿ!" ಮಾರಾಟದವರು ಕಣ್ಣು ಮುಚ್ಚಿದರು. "ಈ ಕಡೆ ಗಂಡನ ಸೋಪು, ಆ ಕಡೆ ಹೆಂಡತಿ ಸೋಪು. ಮಧ್ಯದ ಕಂಡೀಲಿ ಎರಡರ ಪರಿಮಳ ಒಂದಾಗುತ್ತೆ. ದಂಪತಿ ಡಬ್ಬಿ!"

ಆ ಹೊತ್ತಿಗೆ ಬಂದ ಅಳಿಯಂದಿರು ಬಾಗಿಲಲ್ಲೇ ನಿಂತು ಎಲ್ಲ ಕೇಳಿದರು. ಅವರ ಕಣ್ಣಲ್ಲಿ ನೀರಾಡಿತು. ತರಬೇತಿಯಲ್ಲಿ ಹೇಳಿಕೊಟ್ಟದ್ದು ನಿಜ ಜೀವನದಲ್ಲಿ ನಡೆದದ್ದನ್ನು ಅವರು ಆವರೆಗೆ ಎಲ್ಲಿಯೂ ಕಂಡಿರಲಿಲ್ಲವಂತೆ. "ಒಂದೇ ಒಂದು ಮಾತಿಲ್ಲದೆ ಎಷ್ಟು ಸ್ಪಷ್ಟವಾಗಿ ಹೇಳಿದೀರಿ!" ಎಂದು ಪೀಠಿಕೆಯ ಕೈ ಕುಲುಕಿದರು. ಪೀಠಿಕೆ ಬಾಯಿ ತೆರೆದ. ಆದರೆ ಜೀವಮಾನದಲ್ಲಿ ಮೊದಲ ಸಲ ಅವನ ಮಾತು ಸ್ಪಷ್ಟವಾಗಿದೆ ಎಂದು ಒಬ್ಬರು ಹೇಳಿದ್ದರು. ಆ ಸುಖದಲ್ಲಿ ಬಾಯಿ ತಾನಾಗಿಯೇ ಮುಚ್ಚಿಕೊಂಡಿತು. ಅವನ ದೌರ್ಬಲ್ಯ ಅದು, ನಾನಾಗಿದ್ದರೂ ಮುಚ್ಚುತ್ತಿದ್ದೆನೇನೋ.

ಸೋಪಿನ ಕಂಪನಿಯವರು ದಂಪತಿ ಡಬ್ಬಿಯನ್ನು ಮೂಸಿ ನೋಡಿ ಹುಚ್ಚರಾದರು. ರಾಶಿ ರಾಶಿ ಬೇಕೆಂದರು, ಬೇಗ ಬೇಕೆಂದರು. ಈಗ ಬಂತು ನೋಡಿ ಫಜೀತಿ. ನಡುಗೋಡೆಯಿರುವ ಡಬ್ಬಿಗೆ ಅಂಟು ಜಾಸ್ತಿ, ಕೈಕೆಲಸ ಜಾಸ್ತಿ, ಹೊರುವುದೂ ಜಾಸ್ತಿ. ಅಂಟಿನ ಕೋಣೆಯ ಹೆಂಗಸರು ಒಂದೊಂದು ಡಬ್ಬಿಗೂ ಪುಟ್ಟ ಬಾಗಿಲು ಅಂಟಿಸಿ, ಬಾಗಿಲುಗಳ ಗುಡ್ಡೆಯನ್ನೇ ಹೊತ್ತುಕೊಂಡು, ಬಾಗಿಲಿಲ್ಲದ ಗೋಡೆಯನ್ನು ಸುತ್ತಿಬರತೊಡಗಿದರು. ಅದೇ ವಾರ ಮಳೆಯೂ ಹಿಡಿಯಿತು.

ಅತ್ತಿಗೆ ಒಂದು ಸಂಜೆ ತಲೆಯ ಮೇಲೆ ಪ್ಲಾಸ್ಟಿಕ್ ಹಾಳೆ ಹೊದ್ದು ರವಾನೆ ಕೋಣೆಗೆ ಬಂದರು. ಕುಂಟುತ್ತಿದ್ದರು. ಹೊರೆಯನ್ನು ಮೇಜಿನ ಮೇಲೆ ದೊಪ್ಪನೆ ಹಾಕಿ ಪೀಠಿಕೆಯನ್ನೇ ದಿಟ್ಟಿಸಿದರು.

"ನಾನು ಕೇಳಿದ್ದು ನಡೆಯೋಕೆ ಒಂದು ಬಾಗಿಲು. ನೀವು ಹೊರೋಕೆ ಸಾವಿರ ಬಾಗಿಲು ತಂದುಕೊಟ್ರಿ. ತುಂಬ ಉಪಕಾರ ಆಯ್ತು."

"ಅತ್ತಿಗೆ, ನಾನು ಹೇಳ್ಬೇಕು ಅಂತಿದ್ದೆ, ಅವರು..."

"ಶನಿವಾರದ ತನಕ ಬರ್ತೀನಿ. ಆಮೇಲೆ ಇಲ್ಲ. ಕೋಣೆ ಬಿಡ್ತೀನಿ ಅಂತ ಬಾಡಿಗೆಗೆ ಕೊಟ್ಟವರಿಗೂ ಹೇಳಿಯಾಯ್ತು." ಪ್ಲಾಸ್ಟಿಕ್ ಹಾಳೆಯನ್ನು ತಲೆಗೆಳೆದುಕೊಂಡು ಅವರು ಮತ್ತೆ ಮಳೆಗೆ ಇಳಿದರು. ಪೀಠಿಕೆ ಆ ದಿನ ಮನೆಗೆ ಹೋಗುವಾಗ ದಾರಿಯುದ್ದಕ್ಕೂ ನನ್ನ ಜೊತೆ ಒಂದು ಮಾತೂ ಆಡಲಿಲ್ಲ. ಅವನ ಪೀಠಿಕೆಗಳಿಗಾಗಿ ನಾನು ಹಂಬಲಿಸಿದ ದಿನವೆಂದರೆ ಅದೊಂದೇ.

ಈ ಕಡೆ ಮಾಲೀಕರಿಗೆ ಖುಷಿಯೋ ಖುಷಿ. ಶುಕ್ರವಾರ ರವಾನೆ ಕೋಣೆಗೆ ಬಂದು, ಎಲ್ಲರೆದುರು ಪೀಠಿಕೆಯ ಬೆನ್ನು ತಟ್ಟಿದರು.

"ಈ ಮಾದರಿ ಮೂಲೆಗೆ ಬೀಳ್ಬಾರ್ದು. ಎಲ್ಲರ ಕಣ್ಣಿಗೆ ಬೀಳೋ ಹಾಗೆ, ಆ ಖಾಲಿ ಗೋಡೇಲಿ ಒಂದು ಗೂಡು ಕೊರೆಸಿ ಅದರಲ್ಲಿ ಇಡೋಣ. ಗಾರೆಯವನನ್ನ ನಾಳೆ ಬೆಳಿಗ್ಗೆ ಕಳಿಸ್ತೀನಿ. ಎಷ್ಟು ದೊಡ್ಡದು, ಎಲ್ಲಿ, ಎಲ್ಲಾ ನಿಮ್ಮಿಷ್ಟ. ಕಲ್ಪನೆ ನಿಮ್ಮದು, ಗೂಡೂ ನಿಮ್ಮದೇ."

ಖಾಲಿ ಗೋಡೆ ಯಾವುದು ಎಂದು ಬೇರೆ ಹೇಳಬೇಕಿಲ್ಲ. ಅಣ್ಣತಮ್ಮಂದಿರ ಗೋಡೆಯೇ ಅದು.

ಶನಿವಾರ ಗಾರೆಯವನು ಉಳಿ ಸುತ್ತಿಗೆ ಹಿಡಿದು ಬಂದ. ಆತುರದ ಮನುಷ್ಯ, ಇನ್ನೆಲ್ಲೋ ಸೋರುವ ಸೂರು ಅವನಿಗಾಗಿ ಕಾಯುತ್ತಿತ್ತು. ನಾನೂ ಅಲ್ಲೇ ಇದ್ದೆ, ಅಚ್ಚಿನ ಮಸಿ ಕೇಳಲು ಬಂದವನು.

"ಎಷ್ಟೆತ್ತರ ಸ್ವಾಮಿ?"

"ಎತ್ತರ ಅಂದ್ರೆ... ನೋಡಿ, ಈ ಗೋಡೆ ಹಿಂದೆ..." ಎಂದು ಪೀಠಿಕೆ ಎಳೆಯುತ್ತಿರುವಾಗ ಕಿಟಕಿಯಾಚೆ ಕಣ್ಣು ಹೋಯಿತು. ಧೋ ಎಂದು ಸುರಿಯುವ ಮಳೆಯಲ್ಲಿ ಅತ್ತಿಗೆ ಹೊರೆ ಹೊತ್ತು ಕುಂಟುತ್ತಾ ಶೆಡ್ಡು ಸುತ್ತಿ ಬರುತ್ತಿದ್ದರು. ಒಂದು ಕಡೆ ಕಾಲು ಜಾರಿತು. ಹೊರೆ ವಾಲಿತು. ಹೇಗೋ ಗೋಡೆಗೆ ಒರಗಿ ನಿಂತುಕೊಂಡು, ಬಂದ ದಾರಿಯಲ್ಲೇ ಹಿಂದೆ ಹೋದರು. ಅವರಿಗೆ ಮುಂದೆ ಬರಲಾಗಲಿಲ್ಲ.

ಪೀಠಿಕೆಯ ಮುಖ ಕೆಂಪಾಯಿತು. ಅವನು ಕೈಯನ್ನು ತನ್ನ ತಲೆಗಿಂತ ಮೇಲೆ ಎತ್ತಿ ಹಿಡಿದ. "ಇಷ್ಟು."

"ಇಷ್ಟಾ? ಅಗಲ?"

ಎರಡೂ ತೋಳು ಚಾಚಿದ. "ಇಷ್ಟು. ನೆಲದ ಮಟ್ಟದಿಂದ."

"ಗೂಡು ಅಂದ್ರಲ್ಲ ಸ್ವಾಮಿ?" ಗಾರೆಯವನು ತಲೆ ಕೆರೆದುಕೊಂಡ. "ಹೋಗ್ಲಿ, ಆಳ ಎಷ್ಟು?"

"ಹೊಡೀತಾ ಇರಿ. ನಮ್ಮ ಅತ್ತಿಗೆ ಕಾಣಿಸಿದಾಗ ನಿಲ್ಲಿಸಿ."

ಗಾರೆಯವನು ನನ್ನ ಮುಖ ನೋಡಿದ. ನಾನು ಚಾವಣಿ ನೋಡಿದೆ. ಮಾಲೀಕರು ನಿಮ್ಮಿಷ್ಟ ಎಂದದ್ದಕ್ಕೆ ಇಡೀ ರವಾನೆ ಕೋಣೆಯೇ ಸಾಕ್ಷಿ. ಸುತ್ತಿಗೆ ಬಿತ್ತು. ಇಟ್ಟಿಗೆ ಉದುರಿತು, ಧೂಳು ಎದ್ದಿತು. ಆ ಕಡೆಯಿಂದ ಹೆಂಗಸರು "ಅಯ್ಯೋ, ಗೋಡೆ ಬಿತ್ತು!" ಎಂದು ಕೂಗಿಕೊಂಡರು. ಮಧ್ಯಾಹ್ನದ ಹೊತ್ತಿಗೆ ಧೂಳು ಅಡಗಿದಾಗ, ಗೋಡೆಯಲ್ಲಿ ಆಳೆತ್ತರದ ಕಿಂಡಿ, ಆ ಕಿಂಡಿಯ ಆಚೆ ಒದ್ದೆ ಸೆರಗು ಹಿಂಡುತ್ತಾ ಅತ್ತಿಗೆ.

"ಕಂಡ್ರು ಸ್ವಾಮಿ, ನಿಲ್ಲಿಸ್ಲಾ?" ಎಂದ ಗಾರೆಯವನು.

ಸರಿಯಾಗಿ ಅದೇ ಹೊತ್ತಿಗೆ ಮಾಲೀಕರು ಬಂದರು. ಜೊತೆಗೆ ಅಳಿಯಂದಿರು, ಮಾರಾಟದವರು, ಮಾದರಿಯನ್ನು ತಟ್ಟೆಯಲ್ಲಿಟ್ಟು ಹಿಡಿದ ಕಾವಲುಗಾರ. ಎಲ್ಲರೂ ನಿಂತಲ್ಲೇ ನಿಂತರು. ಮಾಲೀಕರ ಮುಖದಲ್ಲಿ ಮೊದಲು ಹುಡುಕಾಟ ಇತ್ತು. ಆಮೇಲೆ ಸಿಟ್ಟು ಏರತೊಡಗಿತು.

"ಏನ್ರೀ ಇದು? ಗೂಡು ಎಲ್ಲಿ?"

ಪೀಠಿಕೆಯ ಕೆಲಸ ಹೋಯಿತು ಎಂದುಕೊಂಡೆ ನಾನು. ಅವನ ತುಟಿ ಅಲುಗಿತು. ಅಣ್ಣತಮ್ಮಂದಿರು ಇನ್ನೇನು ಹೊರಗೆ ಬರಬೇಕು, ಅಷ್ಟರಲ್ಲಿ ಕಿಂಡಿಯ ಕಡೆಯಿಂದ ದನಿ ಬಂತು.

"ಸ್ವಲ್ಪ ಸರೀರಿ ಸಾರ್, ಭಾರ ಇದೆ."

ಮಾಲೀಕರು ತಮಗರಿವಿಲ್ಲದೆ ಸರಿದರು. ಅತ್ತಿಗೆ ಹೊರೆ ಸಮೇತ ಗೋಡೆ ದಾಟಿ ಬಂದು, ಮೇಜಿನ ಮೇಲಿಟ್ಟು, ಹಾಗೇ ಹಿಂದಿರುಗಿದರು. ಅವರ ಹಿಂದೆ ಇನ್ನೊಬ್ಬರು ಬಂದರು. ಆಮೇಲೆ ಸಾಲಾಗಿ ಬರತೊಡಗಿದರು. ಒಂದು ಡಬ್ಬಿಯೂ ನೆನೆದಿರಲಿಲ್ಲ. ಮೇಜು ನೋಡನೋಡುತ್ತಲೇ ತುಂಬಿತು. ಮಾಲೀಕರು ಒಮ್ಮೆ ಆ ಕಡೆಯ ಕೋಣೆಯನ್ನು, ಒಮ್ಮೆ ಈ ಕಡೆಯ ಮೇಜನ್ನು ನೋಡುತ್ತಾ ಬಹಳ ಹೊತ್ತು ನಿಂತರು. ಕಾರ್ಖಾನೆ ಕೊಂಡಂದಿನಿಂದ ಅವರು ಅಂಟಿನ ಕೋಣೆಯೊಳಗೆ ಇಣುಕಿರಲಿಲ್ಲ.

"ಇಷ್ಟು ದಿನ ಇವರೆಲ್ಲ ಎಲ್ಲಿಂದ ಬರ್ತಿದ್ರು?"

"ಮಳೇಲಿ, ಅಂಗಳ ಸುತ್ತಿ" ಎಂದ ಕಾವಲುಗಾರ. ಹಾಡಲಿಲ್ಲ.

ಮಾಲೀಕರು ಗಲ್ಲ ತುರಿಸಿಕೊಂಡರು. ಅವರ ಹುಬ್ಬು ಮೆಲ್ಲಗೆ ಮೇಲೇರಿತು. ಯೋಚನೆ ಬರುತ್ತಿರುವ ಲಕ್ಷಣ ಅದು, ನಾವೆಲ್ಲ ಅಪರೂಪಕ್ಕೆ ಕಂಡದ್ದು.

"ನೋಡ್ರೀ, ನನಗೊಂದು ಐಡಿಯಾ ಹೊಳೀತು. ಈ ಗೂಡನ್ನ ಮುಚ್ಚೋದು ಬೇಡ. ಇದನ್ನೇ ಒಂದು ಬಾಗಿಲು ಮಾಡಿಬಿಟ್ರೆ ಹೇಗೆ?"

ಅಳಿಯಂದಿರು, "ಕಲ್ಪನೆ ಅಂದ್ರೆ ಇದು ಮಾವ!" ಎಂದು ಚಪ್ಪಾಳೆ ತಟ್ಟಿದರು. ಮಾರಾಟದವರು ತಟ್ಟಿದರು. ಎಲ್ಲರಿಗಿಂತ ಜೋರಾಗಿ, ಎಲ್ಲರೂ ನಿಲ್ಲಿಸಿದ ಮೇಲೂ ಬಿಡದೆ ತಟ್ಟುತ್ತಿದ್ದವನು ನಮ್ಮ ಪೀಠಿಕೆ. ಮಾಲೀಕರು ತೃಪ್ತಿಯಿಂದ ತಲೆಯಾಡಿಸಿ, ಗಾರೆಯವನಿಗೆ ಚೌಕಟ್ಟಿನ ಮಾತು ಹೇಳಿ, ತಮ್ಮ ಬುದ್ಧಿಗೆ ತಾವೇ ಬೆರಗಾಗುತ್ತಾ ಹೊರಗೆ ಹೋದರು.

ಅತ್ತಿಗೆ ಇನ್ನೊಂದು ಹೊರೆಯೊಂದಿಗೆ ಬಂದು ಕಿಂಡಿಯಲ್ಲೇ ನಿಂತರು, ಅರ್ಧ ಆಚೆ, ಅರ್ಧ ಈಚೆ.

"ನೀವ್ಯಾಕೆ ಚಪ್ಪಾಳೆ ತಟ್ತಾ ಇದೀರಾ? ಇದು ನಿಮ್ಮ ಯೋಚನೆ ಅಲ್ವಾ?"

"ಯಾರದಾದ್ರೇನು ಅತ್ತಿಗೆ, ನೀವು ಒದ್ದೆ ಆಗ್ದೆ ಬಂದ್ರಲ್ಲ."

ಅಷ್ಟು ಚಿಕ್ಕ ಮಾತನ್ನು ಅವನ ಬಾಯಿಂದ ಅತ್ತಿಗೆ ಎಂದೂ ಕೇಳಿರಲಿಲ್ಲ. ಅವರ ಕಣ್ಣು ತುಂಬಿತ್ತು, ಒರೆಸಿಕೊಳ್ಳಲು ಕೈ ಖಾಲಿಯಿರಲಿಲ್ಲ. ಹೊರೆಯನ್ನು ಅವನ ತೋಳಿಗೆ ದಾಟಿಸಿ, "ಹಿಡ್ಕೊಳ್ಳಿ, ಸೋಮವಾರಕ್ಕೆ ಇನ್ನೂ ತುಂಬ ಅಂಟಿಸೋದಿದೆ" ಎಂದು ಒಳಗೆ ಹೋದರು.